ನಾಲ್ಕು ಮನೆಗಳ ಲೆಕ್ಕ

ಸಂಕೇಶ್ವರ, ಹೊರಡುವ ಮುನ್ನ

ಹಾಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮಲ್ಲಿ ಎಲ್ಲರೂ ಮೊದಲು ಕೇಳುವುದು ಹೂವಿನ ತೋಟದ ಬಗ್ಗೆ. ನಾನು ಒಂದು ಹೂವನ್ನೂ ನೋಡಲಿಲ್ಲ. ಹೋದದ್ದು ಅಕ್ಟೋಬರಿನಲ್ಲಿ. ಆಗ ಅಲ್ಲಿನ ಹೊಲಗಳಲ್ಲಿ ಇರುವುದು ಕೆಸರು, ಜಿಟಿಜಿಟಿ ಮಳೆ ಮತ್ತು ಸಕ್ಕರೆ ತೆಗೆಯುವ ಬಿಳಿ ಗಡ್ಡೆಯ ರಾಶಿಗಳು. ನಾನು ಹೋದದ್ದೂ ಹೂ ನೋಡಲಿಕ್ಕಲ್ಲ, ಒಂದು ಆಪರೇಶನ್ ನೋಡಲಿಕ್ಕೆ.

ಸಂಕೇಶ್ವರದಲ್ಲಿ ಹೈವೇಗೆ ಹತ್ತಿದಂತೆ ನನ್ನದೊಂದು ಹದಿನೆಂಟು ಹಾಸಿಗೆಯ ಆಸ್ಪತ್ರೆ. ನಾನು ಸರ್ಜನ್. ಹರ್ನಿಯಾ, ಅಪೆಂಡಿಕ್ಸ್, ಕಬ್ಬಿನ ಲಾರಿಗೆ ಸಿಕ್ಕ ಕೈಕಾಲು, ಇವು ನನ್ನ ದಿನನಿತ್ಯದ ಊಟ. ಆದರೆ ಅನ್ನನಾಳದ ಕ್ಯಾನ್ಸರಿನ ದೊಡ್ಡ ಆಪರೇಶನ್ನನ್ನೂ ಮಾಡಿದ್ದೆ ಎಂಬುದು ನನ್ನ ಜಂಬ. ಎದೆ, ಹೊಟ್ಟೆ ಎರಡನ್ನೂ ತೆರೆದು, ಕೆಟ್ಟ ಭಾಗ ತೆಗೆದು, ಜಠರವನ್ನೇ ಮೇಲಕ್ಕೆಳೆದು ಕೂಡಿಸುವ ಕೆಲಸ ಅದು. ಸುತ್ತಲಿನ ತಾಲೂಕುಗಳಲ್ಲಿ ಅದಕ್ಕೆ ಕೈ ಹಾಕಿದವನು ನಾನೊಬ್ಬನೇ ಎಂದು ಯಾರಾದರೂ ಅಂದರೆ ನಾನು ಬೇಡ ಅನ್ನುತ್ತಿರಲಿಲ್ಲ.

ಹೊರಡುವ ನಾಲ್ಕು ದಿನ ಮೊದಲು ಮಮದಾಪುರದಿಂದ ತವನಪ್ಪ ಕಾಕಾ ಬಂದರು. ನಮ್ಮ ತೀರಿಹೋದ ಅಪ್ಪನ ಜೀವದ ಗೆಳೆಯ. ರೊಟ್ಟಿ ಗಂಟಲಲ್ಲಿ ಇಳಿಯದೆ ಒಂದೂವರೆ ತಿಂಗಳಾಗಿತ್ತು, ಅಂಬಲಿಯ ಮೇಲೆ ಬದುಕಿದ್ದರು. ಪರೀಕ್ಷೆ ಮಾಡಿದೆ. ಅನ್ನನಾಳದ ಕೆಳತುದಿಯಲ್ಲಿ ಗಡ್ಡೆ. ಮುಂಬೈಗೆ ಬರೆದುಕೊಡಲೇ ಎಂದು ಕೇಳಿದೆ, ಬೇಡ ಎನ್ನಲಿ ಎಂದು ಒಳಗೊಳಗೇ ಬಯಸುತ್ತ.

"ಮುಂಬೈ ಗಿಂಬೈ ನನಗ ಬ್ಯಾಡ. ನಿಮ್ಮಪ್ಪನ ಕೂಡ ಒಂದ ತಾಟಿನ್ಯಾಗ ಉಂಡಾವ ನಾ. ಕೊಯ್ಯೂದಿದ್ರ ನೀನ ಕೊಯ್ಯಿ. ನಿನ್ನ ಕೈಗುಣ ಊರಿಗೆಲ್ಲಾ ಗೊತ್ತೈತಿ" ಎಂದರು ಕಾಕಾ.

"ಮೂರು ವಾರ ನಾ ಇರೂದಿಲ್ಲ ಕಾಕಾ."

"ಹೋಗಿ ಬಾ. ಅಲ್ಲೀತನಾ ಅಂಬಲಿ ಕುಡಕೋತ ಕುಂಡರ್ತೇನಿ."

ಆ ಆಪರೇಶನ್ನನ್ನು ಕಣ್ಣಾರೆ ಇನ್ನೊಮ್ಮೆ ನೋಡಿಬಂದು, ಇನ್ನೂ ಚೆನ್ನಾಗಿ ಮಾಡಬಹುದು ಎಂದು ಸಮಾಧಾನ ಮಾಡಿಕೊಂಡೆ. ಹಿಂದಿನ ವರ್ಷ ಒಂದು ಸೇವಾ ಸಂಸ್ಥೆ ನಡೆಸುವ ಡಾಕ್ಟರುಗಳ ಅದಲುಬದಲಿನಲ್ಲಿ ಪೀಟರ್ ಎಂಬ ಡಚ್ ಸರ್ಜನ್ ನಮ್ಮ ಮನೆಯಲ್ಲಿ ಎಂಟು ದಿನ ಇದ್ದು ಹೋಗಿದ್ದ. ಈಗ ಕರೆದವನು ಅವನೇ.

ನಮ್ಮದು ಜೈನರ ಮನೆ, ಚಾತುರ್ಮಾಸ ಮುಗಿದಿರಲಿಲ್ಲ. ಹೊರಡುವಾಗ ಅವ್ವ ಮಾತು ತೆಗೆದುಕೊಂಡಳು: "ನೆಲದಾಗ ಬೆಳದದ್ದ ತಿನಬ್ಯಾಡ, ಹೊತ್ತ ಮುಳಗಿದ ಮ್ಯಾಲ ಉಣಬ್ಯಾಡ. ಇಷ್ಟ ಮಾಡು, ಮಿಕ್ಕಿದ್ದೆಲ್ಲಾ ನಾ ನೋಡ್ಕೋತೇನಿ."

ಪೀಟರನ ಮನೆ

ಕಾಕಾನ ಎಕ್ಸ್‌ರೇಯನ್ನು ಸುರುಳಿ ಸುತ್ತಿ ಕೈಯಲ್ಲೇ ಹಿಡಿದುಕೊಂಡಿದ್ದೆ. ವಿಮಾನ ನಿಲ್ದಾಣದ ಅಧಿಕಾರಿ ಅದೇನೆಂದು ಕೇಳಿದ. ನಮ್ಮ ಕಾಕಾನ ಅನ್ನನಾಳ ಎಂದೆ. ಅವನು ದೀಪಕ್ಕೆ ಹಿಡಿದು ನೋಡಿದ, ಏನು ತಿಳಿಯಿತೋ, "ಬೇಗ ಗುಣವಾಗಲಿ" ಎಂದು ಮುದ್ರೆ ಒತ್ತಿ ಬಿಟ್ಟ. ನಮ್ಮ ಕಚೇರಿಗಳಲ್ಲಿ ಇಷ್ಟು ಬೇಗ ಕೆಲಸವಾಗಿದ್ದು ನನಗೆ ನೆನಪಿಲ್ಲ.

ಪೀಟರನದು ಉತ್ತರದ ಒಂದು ಸಣ್ಣ ಊರು. ಹುಕ್ಕೇರಿಯಷ್ಟು ದೊಡ್ಡದಿರಬಹುದು, ಗದ್ದಲ ಮಾತ್ರ ನೂರರಲ್ಲಿ ಒಂದು ಪಾಲೂ ಇಲ್ಲ. ಸಕ್ಕರೆ ಕಾರ್ಖಾನೆ ಇತ್ತು, ಹೊಗೆ ಇತ್ತು, ಗಡ್ಡೆ ತುಂಬಿದ ಟ್ರ್ಯಾಕ್ಟರುಗಳ ಸಾಲೂ ಇತ್ತು. ಆದರೆ ಸಾಲಿನಲ್ಲಿ ಯಾರೂ ಹಾರ್ನ್ ಹೊಡೆಯುತ್ತಿರಲಿಲ್ಲ. ನಮ್ಮ ಕಬ್ಬಿನ ಗಾಡಿಯವರು ಕಂಡರೆ ಇವರಿಗೇನೋ ಕಾಯಿಲೆ ಎಂದುಕೊಂಡಾರು.

ಸಂಜೆ ಆರಕ್ಕೆ ಸರಿಯಾಗಿ ಪೀಟರನ ಹೆಂಡತಿ ಆನ್ನೆಕೆ ಊಟಕ್ಕೆ ಕರೆದಳು. ಇಡೀ ದೇಶವೇ ಆರು ಗಂಟೆಗೆ ಉಣ್ಣುತ್ತದಂತೆ. ಹೊತ್ತು ಮುಳುಗುವ ಮೊದಲೇ ಊಟ! ಇವರು ನಮ್ಮ ಬಸದಿಯವರೇ ಇರಬೇಕು ಎಂದು ಹಿಗ್ಗಿ ಕುಳಿತೆ. ತಟ್ಟೆ ಬಂತು. ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿ, ಮೂರನ್ನೂ ಕೂಡಿ ಜಜ್ಜಿ ಗುಡ್ಡೆ ಹಾಕಿದ ಅಡಿಗೆ. ನೆಲದ ಮೇಲೆ ಬೆಳೆದದ್ದೆಂದರೆ ಬದಿಗಿಟ್ಟ ಒಂದು ಎಲೆ. ಆನ್ನೆಕೆ ನನ್ನನ್ನೇ ನೋಡುತ್ತಿದ್ದಳು. ನನಗಾಗಿ ಮಾಂಸ ಬಿಟ್ಟು ಪ್ರತ್ಯೇಕವಾಗಿ ಮಾಡಿದ್ದಳು. ಅವ್ವನ ಕ್ಷಮೆ ಕೇಳಿ ತಿಂದೆ, ರುಚಿಯಾಗಿತ್ತು, ಮತ್ತೊಮ್ಮೆ ಹಾಕಿಸಿಕೊಂಡೆ.

ಊಟವಾದ ಮೇಲೆ, "ಆಪರೇಶನ್ ಯಾವಾಗ?" ಎಂದು ಪೀಟರನನ್ನು ಕೇಳಿದೆ.

"ಅದನ್ನು ನಾನು ಮಾಡುವುದಿಲ್ಲ, ನಿಲ್ಲಿಸಿಬಿಟ್ಟೆ" ಎಂದ, ಸಿಗರೇಟು ಬಿಟ್ಟವರು ಹೇಳುವ ಹಾಗೆ.

ನನಗೆ ಸಿಟ್ಟು ನೆತ್ತಿಗೇರಿತು. ಸಾವಿರಾರು ಮೈಲಿ ಕರೆಸಿಕೊಂಡು ಮಾಡುವುದಿಲ್ಲ ಅಂದರೆ? ಅವನು ನಿಧಾನವಾಗಿ ವಿವರಿಸಿದ. ಅವನ ಆಸ್ಪತ್ರೆಗೆ ಇಂಥ ರೋಗಿಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತಿದ್ದರು. ಅಕ್ಕಪಕ್ಕದ ಊರುಗಳಿಗೂ ಅಷ್ಟೇ. ಎಲ್ಲ ಸರ್ಜನ್ನರೂ ಕೂತು, ಈ ಆಪರೇಶನ್ ಇನ್ನು ಮೇಲೆ ದೊಡ್ಡ ಊರಿನ ಒಂದೇ ಆಸ್ಪತ್ರೆಯಲ್ಲಿ ಆಗಲಿ ಎಂದು ನಿರ್ಧರಿಸಿದ್ದರು. ರೋಗಿಯ ಜೊತೆ ಅವನೂ ಹೋಗುತ್ತಾನೆ, ಬದಿಯಲ್ಲಿ ನಿಂತು ಸಹಾಯ ಮಾಡುತ್ತಾನೆ. ನನ್ನನ್ನು ಅಲ್ಲಿಗೇ ಕರೆದೊಯ್ಯುವವನಿದ್ದ.

ಕೈ ನಡುಗುವ ಪುಕ್ಕಲ ಇರಬೇಕು ಎಂದುಕೊಂಡು ಮಲಗಿದೆ. ಮಾರನೆಯ ದಿನ ಅವನು ಪಿತ್ತಕೋಶ ತೆಗೆಯುವುದನ್ನು ನೋಡಿದೆ. ನನಗಿಂತ ಚೊಕ್ಕ ಕೈ. ಒಪ್ಪಿಕೊಳ್ಳಲು ಸಂಕಟವಾಯಿತು, ಆದರೆ ಅದು ಖರೆ.

ದೊಡ್ಡ ಊರಿನ ಮೇಜು

ಸೋಮವಾರ ಮಧ್ಯಾಹ್ನ ಪೀಟರನ ಕಾರಿನಲ್ಲಿ ಹೋದೆವು. ದೊಡ್ಡ ಆಸ್ಪತ್ರೆಯ ಒಂದು ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಐದಾರು ಊರಿನ ಸರ್ಜನ್ನರು. ಕಾಫಿ ಬಂತು, ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂದು ಮುಚ್ಚಿಕೊಂಡಿತು. ಒಬ್ಬರಿಗೆ ಒಂದೇ. ನಮ್ಮಲ್ಲಿ ಹೀಗೆ ಮಾಡಿದರೆ ಬೀಗತನ ಮುರಿದು ಹೋಗುತ್ತದೆ.

ಅಲ್ಲಿನ ಹಿರಿಯ ಸರ್ಜನ್ ನನ್ನ ಕಡೆ ತಿರುಗಿ, ಈ ಆಪರೇಶನ್ ನೀವೂ ಮಾಡುತ್ತೀರಂತೆ, ಎಷ್ಟು ಎಂದು ವಿಚಾರಿಸಿದರು.

"ನಾಲ್ಕು" ಎಂದೆ.

"ವಾರಕ್ಕೋ?" ಎಂದು ಕಣ್ಣರಳಿಸಿದರು. ಅಷ್ಟು ದೊಡ್ಡ ದೇಶದಿಂದ ಬಂದವನಲ್ಲವೇ.

"ಒಂಬತ್ತು ವರ್ಷದಲ್ಲಿ."

ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು. ಎಷ್ಟು ಜನ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದು ಅವರು ಮೆಲ್ಲಗೆ ಕೇಳಿದರು. ನನ್ನ ರಿಜಿಸ್ಟರಿನ ಪುಟಗಳು ಕಣ್ಣ ಮುಂದೆ ಬಂದವು. ನಾಲ್ಕು ಹೆಸರು, ನಾಲ್ಕರ ಮುಂದೆಯೂ ಬಿಡುಗಡೆಯ ತಾರೀಖು.

"ಒಬ್ಬರೂ ಇಲ್ಲ" ಎಂದೆ.

ಮೇಜಿನ ಸುತ್ತ ಮೆಚ್ಚುಗೆಯ ಗುಜುಗುಜು ಹರಡಿತು. ಅಚ್ಚರಿಯೆಂದರೆ ಬಿಸ್ಕತ್ತಿನ ಡಬ್ಬಿ ಮತ್ತೆ ತೆರೆದು ನನ್ನ ಮುಂದೆ ಬಂತು. ಎರಡನೆಯದನ್ನು ಬಾಯಿಗಿಡುವಷ್ಟರಲ್ಲಿ, ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ನಡುವಯಸ್ಸಿನ ಹೆಂಗಸು ತಲೆ ಎತ್ತಿದಳು. ಆಪರೇಶನ್ ಆದ ಮೂವತ್ತನೆಯ ದಿನ ಪ್ರತಿ ರೋಗಿ ಎಲ್ಲಿದ್ದರೂ ಫೋನ್ ಮಾಡಿ ವಿಚಾರಿಸುವುದು ಅವಳ ಕೆಲಸ.

"ಮೂವತ್ತನೆಯ ದಿನ ನಾಲ್ವರೂ ಬದುಕಿದ್ದರೇ?" ಎಂದು ಕೇಳಿದಳು.

"ಎಲ್ಲರೂ ಬಿಡುಗಡೆಯಾಗಿ ಹೋದರು" ಎಂದೆ. ಬಿಸ್ಕತ್ತು ಬಾಯಲ್ಲಿ ಮಣ್ಣಾಯಿತು.

ನಮ್ಮ ಕಡೆಯ ಪದ್ಧತಿ ಓದುಗರಲ್ಲಿ ಹಲವರಿಗೆ ಗೊತ್ತಿರುತ್ತದೆ. ಆಸ್ಪತ್ರೆಯಲ್ಲಿ ಜೀವ ಹೋಗುವುದು ಯಾರಿಗೂ ಬೇಡ. ಇನ್ನು ಆಗುವುದಿಲ್ಲ ಅನ್ನಿಸಿದ ಕೂಡಲೇ ಮನೆಯ ಹಿರಿಯರು ಬಂದು, "ಡಾಕ್ಟರ್ರ, ಮನೀಗೆ ಒಯ್ತೀವ್ರಿ" ಅನ್ನುತ್ತಾರೆ. ಜೈನರಿಗೆ ಮನೆಯವರ ಬಾಯಿಂದ ಣಮೋಕಾರ ಮಂತ್ರ ಕಿವಿಗೆ ಬೀಳಬೇಕು, ಮುಸಲ್ಮಾನರಿಗೆ ಕಲಿಮಾ ಕೇಳಬೇಕು, ಎಲ್ಲರಿಗೂ ಕಡೆಯ ಗುಟುಕು ನೀರು ತಮ್ಮ ಮನೆಯದಾಗಬೇಕು. ನಾನು ಒಲ್ಲೆ ಅನ್ನುವುದಿಲ್ಲ. ನಮ್ಮ ಕಂಪೌಂಡರ್ ದಸ್ತಗೀರ ಸಲೈನ್ ಬಾಟಲಿಯನ್ನು ಜೀಪಿಗೆ ಕಟ್ಟಿಕೊಡುತ್ತಾನೆ, ಬಂದು ರಿಜಿಸ್ಟರಿನಲ್ಲಿ ಬಿಡುಗಡೆ ಎಂದು ಬರೆಯುತ್ತಾನೆ. ಕೆಟ್ಟ ಪದ್ಧತಿ ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಆದರೆ ಅದರಿಂದಾಗಿ ನನ್ನ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಇಂಥ ರೋಗಿ ಒಬ್ಬನೂ ಸತ್ತಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಲೆಕ್ಕಕ್ಕೆ ತಂದಿರಲಿಲ್ಲ.

ಮಾರನೆಯ ದಿನ ಪೀಟರನ ಮನೆಯಿಂದ ದಸ್ತಗೀರನಿಗೆ ಫೋನ್ ಹಚ್ಚಿದೆ. ಆ ನಾಲ್ಕೂ ಮನೆಗೆ ಹೋಗಿ, ಯಾರು ಎಷ್ಟು ದಿನ ಇದ್ದರು ಎಂದು ತಿಳಿದುಕೊಂಡು ಬಾ ಎಂದೆ.

"ಯಾಕ್ರಿ ಸಾಹೇಬ್ರ, ಯಾರರ ಕೇಸ್ ಹಾಕ್ಯಾರೇನ್ರಿ?" ಎಂದು ಗಾಬರಿಯಾದ.

"ಇಲ್ಲೋ. ನನಗ ಬೇಕಾಗೇತಿ."

"ಕೇಳೂದರ ಹೆಂಗ್ರಿ? ನಿಮ್ಮ ಯಜಮಾನ್ರು ಎಂದ ತೀರಿಕೊಂಡ್ರಿ ಅಂತ ಬಾಗಿಲದಾಗ ನಿಂತ ಕೇಳ್ಲೇನ್ರಿ?"

ಹೆಂಗರ ಕೇಳು ಎಂದು ಫೋನ್ ಇಟ್ಟೆ.

ನಾಲ್ಕನೆಯ ದಿನ

ಅದೇ ವಾರ ಪೀಟರನ ಊರಿನ ಯಾನ್ ಎಂಬ ಮುದುಕನಿಗೆ ಆ ಆಪರೇಶನ್ ಆಯಿತು. ದೋಣಿ ನಡೆಸಿ ನಿವೃತ್ತನಾದವನು. ನಾನು ಹಿಂದೆ ನಿಂತು ನೋಡಿದೆ. ಸತ್ಯ ಹೇಳುತ್ತೇನೆ, ಕೊಯ್ಯುವುದರಲ್ಲಿ, ಹೊಲಿಯುವುದರಲ್ಲಿ ನಾನು ಮಾಡದ ಜಾದೂ ಏನನ್ನೂ ಅವರು ಮಾಡಲಿಲ್ಲ. ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ ಎಂದು ಒಳಗಿನ ಜಂಬ ಮತ್ತೆ ತಲೆ ಎತ್ತಿತು.

ನಾಲ್ಕನೆಯ ದಿನ ಬೆಳಿಗ್ಗೆ ಯಾನ್‌ನನ್ನು ನೋಡಲು ಪೀಟರನ ಜೊತೆ ಹೋದೆ. ಜ್ವರವಿಲ್ಲ. ನಾಡಿ ತುಸು ಜೋರು, ಅಷ್ಟೇ. ಗಾಯ ಚೊಕ್ಕವಾಗಿತ್ತು. ನಾನು ಚಾರ್ಟ್ ನೋಡಿ, ಎಲ್ಲ ಸರಿಯಾಗಿದೆ ಎಂದೆ. ಮರೈಕೆ ಎಂಬ ನರ್ಸ್ ತಲೆ ಅಲ್ಲಾಡಿಸಿದಳು.

"ಇವತ್ತು ಪೇಪರ್ ಬಿಡಿಸಿಲ್ಲ. ನಿನ್ನೆ ಜಗಳಾಡಿ ತರಿಸಿಕೊಂಡಿದ್ದರು" ಎಂದಳು.

ಇಷ್ಟಕ್ಕೇ ಅವಳು ಹಿರಿಯ ಸರ್ಜನ್‌ರನ್ನು ಕರೆಸಿದಳು. ಇಷ್ಟಕ್ಕೇ ಅವರು ಓಡಿ ಬಂದರು. ಅವಳನ್ನು ಯಾರೂ ಗದರಲಿಲ್ಲ, ನಾಳೆ ನೋಡೋಣ ಅನ್ನಲಿಲ್ಲ. ಮಧ್ಯಾಹ್ನದೊಳಗೆ ಸ್ಕ್ಯಾನ್ ಆಯಿತು. ಒಳಗೆ ಕೂಡಿಸಿದ ಜಾಗದಲ್ಲಿ ಸೂಜಿಮೊನೆಯಷ್ಟು ಸೋರಿಕೆ. ಎದೆಯಲ್ಲಿ ಕೀವು ಈಗಷ್ಟೇ ಕೂಡತೊಡಗಿತ್ತು. ಸಂಜೆ ಊಟದ ಹೊತ್ತಿಗೆ ಕೊಳವೆ ಹಾಕಿ ಕೀವು ತೆಗೆದಿದ್ದರು. ಮುಂದಿನ ವಾರ ನಾನು ಹೋದಾಗ ಯಾನ್ ಪೇಪರ್ ಓದುತ್ತ ಯಾರನ್ನೋ ಬೈಯುತ್ತಿದ್ದ.

ಹೇಗೆ ಗೊತ್ತಾಯಿತು ಎಂದು ಮರೈಕೆಯನ್ನು ಕೇಳಿದೆ. ಅವಳಿಗೂ ಸರಿಯಾಗಿ ಹೇಳಲು ಬರಲಿಲ್ಲ. "ಈ ವಾರ್ಡಿನಲ್ಲಿ ಇದೇ ಆಪರೇಶನ್ ಆದವರನ್ನೇ ನೋಡುತ್ತೇವೆ. ಮುಖ ಬದಲಾದರೆ ತಿಳಿಯುತ್ತದೆ" ಎಂದಳು.

ನನಗೆ ಕಣಗಲಾದ ಲಾರಿ ಡ್ರೈವರನ ನೆನಪಾಯಿತು. ನನ್ನ ಎರಡನೆಯ ರೋಗಿ. ನಾಲ್ಕನೆಯ ದಿನ ಅವನೂ ಜ್ವರವಿಲ್ಲದೆ ಸುಮ್ಮನೆ ಚಾದರ ಹಿಂಡುತ್ತ ಮಲಗಿದ್ದ. ನಮ್ಮ ಸಿಸ್ಟರ್ ಒಳ್ಳೆಯವಳೇ, ಆದರೆ ಅಂಥ ರೋಗಿಯನ್ನು ಅವಳು ಅದಕ್ಕೆ ಮೊದಲು ನೋಡಿದ್ದು ಎರಡು ವರ್ಷದ ಹಿಂದೆ ಒಮ್ಮೆ. ನಾನೂ ಅಷ್ಟೇ. ನಾಳೆ ಆರಾಮಾಗುತ್ತಾನೆ ಎಂದು ಮನೆಯವರಿಗೆ ಹೇಳಿ ಊಟಕ್ಕೆ ಹೋಗಿದ್ದೆ.

ದಸ್ತಗೀರನ ಫೋನು

ಭಾನುವಾರ ಮಧ್ಯಾಹ್ನ ದಸ್ತಗೀರ ಸಿಕ್ಕ. ತನ್ನ ಲೂನಾದ ಮೇಲೆ ಮೂರು ದಿನ ಸುತ್ತಿದ್ದ.

"ಹುಕ್ಕೇರಿ ಸಾವಕ್ಕ ಇನ್ನೂ ಖಡಕ್ ಅದಾಳ್ರಿ ಸಾಹೇಬ್ರ. ನನಗ ಎರಡ ರೊಟ್ಟಿ ತಿನಿಸಿ ಕಳಿಸ್ಯಾಳ. ಮೂಡಲಗಿ ಮಾಸ್ತರು ಒಂದೂವರಿ ವರ್ಷ ಚಂದಂಗ ಉಂಡ್ರಂತ್ರಿ, ಆಮ್ಯಾಲ ಜಡ್ಡ ಮತ್ತ ಬಂದು ತೀರಿಕೊಂಡಾರ."

"ಗೋಕಾಕದಾವ್ರು?"

"ದಾರ್ಯಾಗ ಹೋದ್ರರಿ. ಜೀಪ ಹುಕ್ಕೇರಿ ದಾಟೂದ್ರಾಗ."

"ಕಣಗಲಾ?"

"ನಮ್ಮಲ್ಲಿಂದ ಒಯ್ದ ಮರದಿನ ಮುಂಜಾನೀರಿ. ಅವ್ನ ಹೆಂಡ್ತಿ ಚಾ ಮಾಡಿದ್ಲರಿ. ಡಾಕ್ಟರ್ರು ಇಷ್ಟ ವರ್ಷ ನೆನಪ ಇಟ್ಟಾರಲ್ಲ, ಅಷ್ಟ ಸಾಕಂದ್ಲು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಫೋನ್ ಇಟ್ಟು ಪೀಟರನ ಹಿತ್ತಲಿಗೆ ಹೋಗಿ ಮಳೆಯಲ್ಲಿ ನಿಂತು ಅತ್ತೆ. ನಾಚಿಕೆ, ದುಃಖ, ಎರಡೂ ಕೂಡಿ ಬಂದವು.

ಪೀಟರ್ ಕೊಡೆ ಹಿಡಿದು ಬಂದ. ಎಲ್ಲ ಹೇಳಿದೆ. ಅವನು ಸಮಾಧಾನ ಮಾಡಲಿಲ್ಲ. ತಾನು ಬಿಟ್ಟ ಕತೆ ಹೇಳಿದ. ಆ ಆಪರೇಶನ್ ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬಿಟ್ಟ ಮೇಲೆ ಆರು ತಿಂಗಳು ಹೆಂಡತಿಯ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲವಂತೆ. "ನನ್ನ ಕೈ ಚೆನ್ನಾಗಿಯೇ ಇತ್ತು. ಆದರೆ ರೋಗಿ ನನ್ನ ಕೈಯಲ್ಲಿರುವುದು ಕೆಲವೇ ಗಂಟೆ. ಆಮೇಲಿನ ಎರಡು ವಾರ ಅವನು ವಾರ್ಡಿನ ಕೈಯಲ್ಲಿ. ನಮ್ಮ ವಾರ್ಡಿಗೆ ಅದನ್ನು ಕಲಿಯುವಷ್ಟು ರೋಗಿಗಳೇ ಬರುತ್ತಿರಲಿಲ್ಲ" ಎಂದ.

ಉಳಿದ ದಿನಗಳಲ್ಲಿ ಆಪರೇಶನ್ ನೋಡುವುದನ್ನು ಬಿಟ್ಟು ಮರೈಕೆಯ ವಾರ್ಡಿನಲ್ಲೇ ಒಂದು ಸ್ಟೂಲಿನ ಮೇಲೆ ಕುಳಿತೆ. ನನ್ನ ಇಡೀ ಪ್ರವಾಸದಲ್ಲಿ ನೋಡಿದ ಪ್ರೇಕ್ಷಣೀಯ ಸ್ಥಳ ಅದೊಂದೇ.

ಮಮದಾಪುರ

ಊರು ಮುಟ್ಟಿದ ಮಾರನೆಯ ದಿನವೇ ಮಮದಾಪುರಕ್ಕೆ ಹೋದೆ. ಕಾಕಾ ಇನ್ನೂ ಇಳಿದಿದ್ದರು. ಪಡಸಾಲೆಯಲ್ಲಿ ಅವರು, ಹೆಂಡತಿ ಚಂಪಾ ಕಾಕು, ಮಗ ಭರಮು. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮಾಡಿದ್ದು ನಾಲ್ಕು, ಇಬ್ಬರು ತಿಂಗಳೊಳಗೇ ಹೋದರು, ಮುಂಬೈಯ ದೊಡ್ಡ ಆಸ್ಪತ್ರೆಯಲ್ಲಿ ಇದನ್ನು ದಿನಾಲೂ ಮಾಡುತ್ತಾರೆ, ಅಲ್ಲಿಗೆ ಹೋಗಬೇಕು.

ಭರಮು ಎದ್ದು ನಿಂತ. "ಇದನ್ನ ಅಂದ ಹೇಳಾಕ ಏನಾಗಿತ್ರಿ ನಿಮಗ? ಇಪ್ಪತ್ತೈದ ದಿನ ಕುಂದರಿಸಿದ್ರಲ್ಲ!"

"ತಪ್ಪಾತು" ಎಂದೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು.

ಕಾಕಾ ಮಾತ್ರ ಜಗ್ಗಲಿಲ್ಲ. "ಇಬ್ರು ಉಳದಾರಲ್ಲ? ನಾ ಮೂರನೇದಾವ ಆಕ್ಕೇನಿ. ನನಗ ನಿನ್ನ ಕೈಮ್ಯಾಲ ಇಸವಾಸ ಐತಿ. ಆ ಮುಂಬೈದಾಗ ನನ್ನ ಮಾರಿ ಯಾರ ನೋಡ್ಯಾರ?"

ವಾರ್ಡು, ನರ್ಸು, ನಾಲ್ಕನೆಯ ದಿನ ಎಂದು ನಾನು ಏನೇನೋ ವಿವರಿಸಿದೆ. ಕಾಕಾ ಗೋಡೆ ನೋಡುತ್ತ ಕುಳಿತರು. ಕೊನೆಗೆ ಬಾಯಿ ತೆರೆದವರು ಚಂಪಾ ಕಾಕು.

"ಕಬ್ಬ ನಮ್ದು, ಗಾಣ ನಮ್ದು, ಕೊಪ್ಪರಿಗಿ ನಮ್ದು. ಪಾಕ ಇಳಸಾಕ ಯಾಕ ಆ ಗುಳವ್ಯಾನ್ನ ಕರಸ್ತೀರಿ? ನಿಮಗ ಬೆಲ್ಲಾ ಮಾಡಾಕ ಬರೂದಿಲ್ಲೇನ?"

"ಬರ್ತೈತಿ" ಎಂದರು ಕಾಕಾ, ಅಸಮಾಧಾನದಿಂದ.

"ಮತ್ಯಾಕ?"

"ಅಂವ ಹಂಗಾಮ ತುಂಬ ಹತ್ತ ಊರಾಗ ಪಾಕ ಇಳಸ್ತಾನ. ಬುರುಗ ನೋಡಿದ ಕೂಡ್ಲೆ ಅವಂಗ ತಿಳೀತೈತಿ. ನಾ ಒಂದ ಗಳಿಗಿ ತಡಾ ಮಾಡಿದ್ರ ಕೊಪ್ಪರಿಗಿ ಪೂರಾ ಹೊತ್ತಿ ಹೊಕ್ಕೈತಿ."

"ಬೆಲ್ಲದ ಮ್ಯಾಲ ಇರೂ ಕಾಳಜಿ ನಿಮ್ಮ ಜೀವದ ಮ್ಯಾಲ ಇಲ್ಲೇನು?" ಎಂದರು ಕಾಕು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ನಾನು ಹಾಲೆಂಡಿಗೆ ಹೋಗಿ ಮೂರು ವಾರದಲ್ಲಿ ಕಲಿತದ್ದನ್ನು ಕಾಕು ಒಲೆಯ ಮುಂದೆ ಕೂತೇ ತಿಳಿದಿದ್ದರು. ಕಾಕಾ ಅವರು ಹೋದ ಬಾಗಿಲ ಕಡೆ ನೋಡಿ, "ನೀನೂ ಬರಾವಿದ್ರ ಬರ್ತೇನಿ" ಎಂದರು. ಬರುತ್ತೇನೆ ಎಂದೆ.

ಮುಂಬೈ

ಹಾಲೆಂಡಿನಲ್ಲಿ ಕಂಡ ಸದ್ದಿಲ್ಲದ ಕಾರಿಡಾರುಗಳು ಇಲ್ಲಿಲ್ಲ. ಜನ ಮೆಟ್ಟಿಲ ಮೇಲೆ, ನೆಲದ ಮೇಲೆ, ಹೊರಗೆ ಫುಟ್‌ಪಾತಿನ ಮೇಲೆ. ಹದಿನೈದು ದಿನ ಪಾಳಿ ಕಾಯಬೇಕಾಯಿತು. ಮೂಗಿನ ನಳಿಗೆಯಿಂದ ಹಾಲು, ಗಂಜಿ ಹಾಕಿ ಕಾಕಾನಿಗೆ ತುಸು ಬಲ ಬರಿಸಿದರು. ನಾನು ಶನಿವಾರ ರಾತ್ರಿಯ ಬಸ್ಸು ಹಿಡಿದು ಹೋಗುವುದು, ಸೋಮವಾರ ಬಂದು ಹರ್ನಿಯಾ ಮಾಡುವುದು, ಹೀಗೆ ಓಡಾಡಿದೆ. ಆಪರೇಶನ್ನಿನ ವಾರ ಮಾತ್ರ ಆಸ್ಪತ್ರೆ ಮುಚ್ಚಿ ಅಲ್ಲೇ ಉಳಿದೆ.

ಒಳಗೆ ಬಂದು ನೋಡಬಹುದು ಎಂದು ಸರ್ಜನ್ ಕರೆದರು. ಬೇಡ ಎಂದೆ. ಭರಮು, ಕಾಕು ಕುಳಿತ ಬೆಂಚಿನ ಮೇಲೆ ಕುಳಿತೆ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಆ ಬೆಂಚಿನ ಮೇಲೆ ಕುಳಿತದ್ದು ಅದೇ ಮೊದಲು. ಬಾಗಿಲು ಕಿರ್ ಎಂದಾಗಲೆಲ್ಲ ಎದೆ ಹೇಗೆ ಹಾರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನನ್ನ ಬಾಗಿಲ ಹೊರಗೆ ಎಷ್ಟು ಜನ ಹೀಗೆ ಕೂತಿದ್ದರೋ.

ನಾಲ್ಕನೆಯ ದಿನ ಬಂತು. ಅಲ್ಲಿನ ಸಿಸ್ಟರ್ ಮರಾಠಿಯಲ್ಲಿ ಕಾಕಾನ ಜೊತೆ ಏನೋ ತಗಾದೆ ತೆಗೆದಿದ್ದಳು, ಕಾಕಾ ಅಷ್ಟೇ ಜೋರಾಗಿ ಉತ್ತರ ಕೊಡುತ್ತಿದ್ದರು. ಹೊರಗೆ ಬಂದು, ಹಳ್ಳಿಯವನಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ನನಗೆ ತಿಳಿಹೇಳಿದಳು: ಅಜ್ಜ ಜಗಳಾಡುತ್ತಿದ್ದಾರೆ, ಚಲೋ ಲಕ್ಷಣ, ಹೆದರಬೇಡಿ. ನಾನು ಡಾಕ್ಟರ್ ಎಂದು ಹೇಳಲಿಲ್ಲ. ಹೂಂಗುಟ್ಟಿದೆ.

ಎಂಟನೆಯ ದಿನ ಬೆಳಿಗ್ಗೆ ನಮ್ಮ ಮೂವರನ್ನೂ ಒಳಗೆ ಬಿಟ್ಟರು. ಕಾಕಾ ದಿಂಬಿಗೆ ಒರಗಿ ಕುಳಿತಿದ್ದರು. ಸಿಸ್ಟರ್ ಒಂದು ಚಮಚ ನೀರನ್ನು ಬಾಯಿಗೆ ಹಿಡಿದಳು. ಕಾಕಾ ಬಾಯಲ್ಲಿಟ್ಟುಕೊಂಡರು, ನುಂಗಲಿಲ್ಲ. ಮೂರು ತಿಂಗಳಿಂದ ನುಂಗಿದ್ದು ಓಕರಿಸಿ ಹೊರಗೆ ಬಂದ ಭಯ ಕಣ್ಣಲ್ಲಿತ್ತು. ಕಾಕು ಅವರ ಮಂಡಿಯ ಮೇಲೆ ಕೈ ಇಟ್ಟರು. ನಾವೆಲ್ಲ ಅವರ ಗಂಟಲನ್ನೇ ನೋಡುತ್ತ ನಿಂತೆವು. ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂತು. ಕಾಕಾ ಸ್ವಲ್ಪ ಹೊತ್ತು ಕಾದರು. ಏನೂ ಮರಳಿ ಬರಲಿಲ್ಲ.

"ಇನ್ನೊಂದ ಗುಟುಕ ಕೊಡ್ರಿ" ಎಂದರು.

ಸಿಸ್ಟರ್ ಕೊಟ್ಟಳು. ಅದೂ ಇಳಿಯಿತು.